ಎಳೆಯ ಕಣಗಳು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದ್ದಕ್ಕೆ ಚೆನ್ನಾಗಿ ಬೈದುಬಿಡು, ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೇನೆ. ಮಂಡಿನೋವು ಇಳಿಯಿತೇ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು.

ಹೋದ ವರ್ಷ ನಾನೂ ಇವರೂ ಬೆಟ್ಟದ ಬುಡದ ಹೊಳೆಯಲ್ಲಿ ನಿಂತು ಚೀಲಗಟ್ಟಲೆ ಮರಳು ತುಂಬಿಕೊಂಡು ಬಂದಾಗ, "ಗಂಡ ಹೆಂಡ್ತಿ ಸೇರಿ ಮನೆ ಕಟ್ಟಿಸ್ತಿದ್ದೀರೇನೇ?" ಎಂದು ನಕ್ಕಿದ್ದೆಯಲ್ಲ, ಆ ಮರಳು ನನ್ನನ್ನು ಹಣ್ಣು ಮಾಡಿಬಿಟ್ಟಿದೆ. ಅದನ್ನು ತೊಳೆದು, ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಅಪಟೈಟ್ ಎಂಬ ಖನಿಜದ ಕಣಗಳನ್ನು ಸೂಜಿಮೊನೆಯಿಂದ ಆರಿಸಬೇಕು. ಒಂದು ಸೀನು ಬಂತೋ, ಬೆಳಗಿನಿಂದ ಮಾಡಿದ ಕೆಲಸವೆಲ್ಲ ನೆಲದ ಪಾಲು. ಇನ್ನು ಅಳೆಯುವ ಯಂತ್ರವೋ, ಮುನಿಸಿಕೊಂಡ ನೆಂಟನ ಹಾಗೆ, ಬೇಕಾದಾಗಲೇ ಮಾತು ಬಿಡುತ್ತಿತ್ತು.

ಇಷ್ಟೆಲ್ಲ ಯಾಕೆ ಎನ್ನುತ್ತೀಯ. ನೆಲದಾಳದ ಬಂಡೆ ಬಿಸಿಯಾಗಿರುತ್ತದೆ. ಬೆಟ್ಟ ಏಳುತ್ತ, ಮೇಲಿನದು ಸವೆಯುತ್ತ ಅದು ಮೇಲೆ ಬಂದು ತಣಿಯುತ್ತದೆ. ತಣಿದಂದಿನಿಂದ ಕಣದೊಳಗೆ ಒಂದು ಗಡಿಯಾರ ಓಡತೊಡಗುತ್ತದೆ. ಹೊಳೆ ಅದನ್ನು ಕೆಳಗೆ ತಂದು ಹಾಕಿದರೆ, ನಾವು ಓದುತ್ತೇವೆ.

ನಾನೂ ಇವರೂ ಕೆಲಸ ಮಾಡುವ ವಿಭಾಗದ ಮುಖ್ಯಸ್ಥರು, ಈ ಬೆಟ್ಟ ಎದ್ದದ್ದು ನಾಲ್ಕು ಕೋಟಿ ವರ್ಷದ ಹಿಂದೆ, ಆಮೇಲೆ ಕದಲಿಲ್ಲ ಎಂದು ಪುಸ್ತಕ ಬರೆದು ಹೆಸರಾದವರು. ಬಹುಪಾಲು ಕಣಗಳು ಅವರ ಮಾತನ್ನೇ ಹೇಳಿದವು. ಆದರೆ ಐದರಲ್ಲಿ ಒಂದು ಪಾಲು ಬರೀ ಐವತ್ತು ಲಕ್ಷ ವರ್ಷದವು! ಬೆಟ್ಟ ಮತ್ತೊಮ್ಮೆ ಎದ್ದಿದೆ, ಅಕ್ಕ.

ಮೊನ್ನೆ ಸಭೆಯಲ್ಲಿ ಇದನ್ನು ಮುಂದಿಟ್ಟೆ.

"ಜ್ವಾಲಾಮುಖಿ ಬೂದಿ ಎಲ್ಲಿಂದಲೋ ಹಾರಿ ಬಂದು ಬೆರೆತಿರುತ್ತಮ್ಮಾ. ಆ ಕಣಗಳನ್ನ ಕೈಬಿಡಿ" ಎಂದರು ಮುಖ್ಯಸ್ಥರು.

"ಬೂದಿಯಾಗಿದ್ರೆ ಹರಳು ಹುಟ್ಟಿದ ಕಾಲ, ತಣಿದ ಕಾಲ ಎರಡೂ ಒಂದೇ ಇರಬೇಕಲ್ವಾ ಸಾರ್? ಎರಡನ್ನೂ ಅಳೆದಿದ್ದೀನಿ. ಇವು ಎಂದೋ ಹುಟ್ಟಿದವು, ಈಚೆಗೆ ತಣಿದವು."

"ನಿಮ್ಮ ಯಂತ್ರ ದಿನಾ ಕೆಡುತ್ತೆ ಅಂತ ನೀವೇ ಹೇಳ್ತೀರಿ."

ನಾಲ್ಕು ಜನ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಯಂತ್ರ ಕೆಟ್ಟರೆ ಎಲ್ಲ ಕಣಗಳಿಗೂ ಕೆಡಬೇಕು, ಅವರಿಗೆ ಬೇಡದ ಕಣಗಳಿಗೆ ಮಾತ್ರ ಕೆಡುತ್ತದೆಯೇ? ಕೇಳಿದೆ. ಅವರು ಕೈಯೆತ್ತಿಸಿ ತೀರ್ಮಾನ ಮಾಡಿದರು. ಎಳೆಯ ಕಣಗಳನ್ನು ಬಿಟ್ಟು ಲೇಖನ ಕಳಿಸುವುದಂತೆ. ಬೆಟ್ಟ ಎದ್ದಿತೋ ಇಲ್ಲವೋ ಎಂಬುದಕ್ಕೂ ವೋಟು ಹಾಕಿಸುತ್ತಾರೆ ನೋಡು!

ಹಾಗಾದರೆ ನನ್ನ ಹೆಸರು ತೆಗೆಯಿರಿ ಎಂದು ಹೇಳಿ ಎದ್ದು ಬಂದೆ. ಮುಂದಿನ ತಿಂಗಳು ರಜೆ ಹಾಕಿ ಹೊಳೆಯ ಮೇಲ್ಭಾಗಕ್ಕೆ ಹೋಗುತ್ತೇನೆ. ಎಳೆಯ ಕಣಗಳು ಯಾವ ಕವಲಿನಿಂದ ಇಳಿದು ಬರುತ್ತವೆಂದು ಹುಡುಕಬೇಕು. ಈ ಸಲ ಒಬ್ಬಳೇ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ಸುಖವಾಗಿರಲಿ, ಚೆನ್ನಾಗಿ ಓದಲಿ. ನನ್ನ ತಲೆಯ ಮೇಲೂ ನಿನ್ನ ಕೈಯಿರಲಿ.

ನಿನ್ನ
ಪುಟ್ಟಿ

ಮರೆತಿದ್ದೆ: ಒಬ್ಬಳೇ ಯಾಕೆ ಎಂದು ಕೇಳಿಯೇ ಕೇಳುತ್ತೀಯ. ಸಭೆಯಲ್ಲಿ ಎಳೆಯ ಕಣಗಳನ್ನು ಬಿಡಲು ಮೊದಲು ಎದ್ದದ್ದು ಇವರ ಕೈ. ಪಕ್ಕದ ಕುರ್ಚಿಯಲ್ಲೇ ಇದ್ದರು. ತೋಳು ನನ್ನ ತೋಳಿಗೆ ತಾಗಿಕೊಂಡೇ ಮೇಲೆ ಹೋಯಿತು. ಆ ಕಣಗಳ ವಯಸ್ಸು ಗೊತ್ತಾದ ದಿನ ನನಗಿಂತ ಮೊದಲು ಕುಣಿದವರು ಇವರೇ, ಅಕ್ಕ. ಮನೆಗೆ ಬಂದು "ಯಾಕ್ರೀ?" ಎಂದೆ. "ಅದನ್ನೇ ಹಿಡ್ಕೊಂಡು ಕೂರಬೇಡ ಕಣೆ, ಚಹಾ ಮಾಡ್ಲಾ?" ಎಂದರು. ಮಾಡಿ ತಂದುಕೊಟ್ಟರು. ಸಕ್ಕರೆ ಹದವಾಗಿಯೇ ಇತ್ತು. ಕುಡಿದುಬಿಟ್ಟೆ.