ಸೀಳಿಲ್ಲದ ಗಂಗಳ

ಅಕ್ಕಿಹೆಬ್ಬಾಳು
ಸೋಮವಾರ, ತಾ. ೧೯-೧೦-೧೯೩೬

ಚಿರಂಜೀವಿ ಸೌಭಾಗ್ಯವತಿ ಪುಟ್ಟಲಕ್ಷ್ಮಮ್ಮನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಿನ್ನ ಸೊಂಟನೋವು ಈಗ ಹೇಗಿದೆ? ಎಣ್ಣೆ ಕಾಯಿಸಿ ನೀವಿಸಿಕೊಳ್ಳುತ್ತಿದ್ದೀಯೋ, ಇಲ್ಲಾ ಕೆಲಸ ಕೆಲಸ ಎಂದು ಹಾಗೇ ಬಿಟ್ಟಿದ್ದೀಯೋ? ಮಗುವಿಗೆ ಎರಡನೇ ಹಲ್ಲು ಬಂತೇ? ಅಳಿಯಂದಿರ ಕೆಮ್ಮು, ನಿಮ್ಮತ್ತೆಯವರ ಕಣ್ಣು, ಹೊಣಕೆರೆಯ ಹೊಲದ ರಾಗಿ, ಎಲ್ಲಕ್ಕೂ ಉತ್ತರ ಬರೆ. ಇಷ್ಟು ಕೇಳುವುದು ತಂದೆಯಾದವನ ಕರ್ತವ್ಯ, ಕೇಳಿದ್ದೇನೆ. ಇನ್ನು ಇಲ್ಲಿಯ ವಿಷಯ. ಇಲ್ಲಿ ಕೆಂದ ಹಸು ಈದಿದೆ, ಹೆಣ್ಣು ಕರು. ನಿನ್ನ ಅಣ್ಣ ಹೊನ್ನಪ್ಪ ಚೆನ್ನಾಗಿದ್ದಾನೆ, ಅತ್ತಿಗೆ ದ್ಯಾವಮ್ಮ ಚೆನ್ನಾಗಿದ್ದಾಳೆ, ನಾನೊಬ್ಬ ಚೆನ್ನಾಗಿಲ್ಲ. ನಾನು ಕೋಪದಲ್ಲಿದ್ದೇನೆ. ಈ ಕಾಗದ ಬರೆಯಲು ಕೂತದ್ದು ಇದು ಮೂರನೆಯ ಸಲ. ಮೊದಲಿನ ಎರಡನ್ನೂ ಒಲೆಗೆ ಹಾಕಿದೆ, ಅವುಗಳಲ್ಲಿ ತೀರಿಹೋದ ನಿನ್ನ ಅವ್ವನ ಮೇಲೆ ಆಡಬಾರದ ಮಾತುಗಳಿದ್ದವು. ಇದರಲ್ಲೂ ಇರುತ್ತವೆ, ಸ್ವಲ್ಪ ಕಡಿಮೆ.

ಕೋಪ ಏತಕ್ಕೆ ಎಂದು ಕೇಳುತ್ತೀಯೆ. ಕಾಲೇಜಿನಲ್ಲಿ ನಮಗೆ ಕಲಿಸಿದ ಹಾಗೆ ಫಸ್ಟ್ಲಿ, ಸೆಕೆಂಡ್ಲಿ ಎಂದು ಕ್ರಮವಾಗಿ ಹೇಳುತ್ತೇನೆ. ಫಸ್ಟ್ಲಿ, ಹದಿನೈದು ದಿನದ ಹಿಂದೆ ಗಾಡಿ ಹತ್ತಲು ಕಾಲೆತ್ತಿದವನಿಗೆ ಕಣ್ಣು ಕತ್ತಲಿಟ್ಟುಕೊಂಡು ಬಂತು. ಎದೆಯ ಮೇಲೆ ಯಾರೋ ಒರಳು ಇಟ್ಟ ಹಾಗೆ ಆಯಿತು. ಹೊನ್ನಪ್ಪ ಅದೇ ಗಾಡಿಯಲ್ಲಿ ಕೃಷ್ಣರಾಜಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಹೊಸಬರು, ಚಿಕ್ಕ ವಯಸ್ಸು. ಎದೆಗೆ ಕೊಳವೆ ಇಟ್ಟು ನೋಡಿ, ‘ಮಿಸ್ಟರ್ ಹುಚ್ಚಯ್ಯ, ಯುವರ್ ಹಾರ್ಟ್ ಈಸ್ ಟಯರ್ಡ್’ ಅಂದರು. ನಾನೂ ಇಂಗ್ಲಿಷಿನಲ್ಲೇ ತಕ್ಕ ಉತ್ತರ ಕೊಟ್ಟೆ. ಏನು ಕೊಟ್ಟೆನೋ ಈಗ ನೆನಪಿಲ್ಲ, ಅವರಿಗೂ ಅರ್ಥವಾದ ಹಾಗೆ ಕಾಣಲಿಲ್ಲ. ಆಮೇಲೆ ಅವರು ಹೊನ್ನಪ್ಪನನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡು ಅಚ್ಚ ಕನ್ನಡದಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಈ ಮೈ ಇಳಿಯದಿದ್ದರೆ ಇವರು ಇನ್ನು ಎರಡು ವರ್ಷ ಇರುತ್ತಾರೆ ಎಂದು ನಂಬಬೇಡಿ, ಇವತ್ತಿನಿಂದ ಎಲ್ಲವೂ ಅರ್ಧ, ನಡುವೆ ತಿಂಡಿ ಮುಟ್ಟುವಂತಿಲ್ಲ ಎಂದು. ಎರಡು ವರ್ಷವಂತೆ. ಇವರೇನು ನನ್ನ ಹಣೆಬರಹವನ್ನು ರೂಲು ಹಾಕಿದ ಕಾಗದದ ಮೇಲೆ ಓದಿದ್ದಾರೆಯೇ? ಆದರೂ ಮಗಳೇ, ಆ ಮಾತು ಕೇಳಿದಾಗಿನಿಂದ ನನಗೆ ಹೆದರಿಕೆಯಾಗಿದೆ. ನಿನಗೆ ಮಾತ್ರ ಬರೆದಿದ್ದೇನೆ, ಅಳಿಯಂದಿರಿಗೆ ಓದಿ ಹೇಳಬೇಡ.

ಈಗ ಹೋದ ಗುರುವಾರದ ಸಂಗತಿ. ಅವತ್ತು ಮಹಾಲಯ, ಹಿರಿಯರ ಹಬ್ಬ. ನಿನ್ನ ಅವ್ವನಿಗೆ ಎಡೆ ಇಟ್ಟೆವು. ಫ್ರೆಂಚ್ ರಾಕ್ಸಿನ ಬೀಗರು, ನಿನ್ನ ಅತ್ತಿಗೆಯ ತಂದೆ ಸಣ್ಣಯ್ಯನವರು ಬಂದಿದ್ದರು. ಬಾಡಿನ ಸಾರು ಊರಿಗೆಲ್ಲ ಘಮಘಮ ಎನ್ನುತ್ತಿತ್ತು. ಸಾಲಾಗಿ ಕೂತೆವು. ಬೀಗರ ಗಂಗಳಕ್ಕೆ ಎರಡು ಮುದ್ದೆ ಬಿತ್ತು, ಹೊನ್ನಪ್ಪನಿಗೆ ಎರಡು ಬಿತ್ತು. ನನ್ನ ಗಂಗಳಕ್ಕೆ ನಿನ್ನ ಅತ್ತಿಗೆ ಒಂದೇ ಒಂದು ಮುದ್ದೆ ತಂದು, ನೂಲಿನಿಂದ ಕುಯ್ದು, ಅರ್ಧ ಇಟ್ಟು, ಉಳಿದರ್ಧವನ್ನು ವಾಪಸು ತೆಗೆದುಕೊಂಡು ಹೋದಳು! ಕುಂಬಳಕಾಯಿ ಹೋಳಿನ ಹಾಗೆ ಅದು ಕುಯ್ದ ಮುಖ ತೋರಿಸಿಕೊಂಡು ಕೂತಿತು. ಅದೂ ನಮ್ಮ ದೊಡ್ಡ ಕಂಚಿನ ಗಂಗಳದಲ್ಲಿ. ಸಣ್ಣಯ್ಯನವರು ಸುಮ್ಮನಿರುವವರೇ? ‘ಏನ್ ಬೀಗ್ರೇ, ಬಾಣಂತಿ ಪತ್ಯ ಮಾಡ್ತಾ ಇದ್ದೀರಾ? ಗಂಡೋ ಎಣ್ಣೋ?’ ಅಂದರು. ಸಾರು ಬಡಿಸುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಕೈ ಕೊಡವಿಕೊಂಡು ಎದ್ದೆ. ಹೆಂಡತಿಯ ಎಡೆಯ ದಿನ ಊಟ ಬಿಟ್ಟು ಎದ್ದವನು ಈ ಊರಿನಲ್ಲಿ ನಾನೇ ಮೊದಲಿರಬೇಕು.

ಎದ್ದವನು ಸುಮ್ಮನೆ ಹೋಗಲಿಲ್ಲ, ಒಪ್ಪಿಕೊಳ್ಳುತ್ತೇನೆ. ಎರಡು ಮುದ್ದೆ ಉಣ್ಣುವ ಮನೆ ಇದು, ನನ್ನಪ್ಪ ಎರಡು ಉಂಡ, ನಾನು ಎರಡು ಉಂಡೆ, ಸಾಯುವ ತನಕ ಎರಡೇ ಉಣ್ಣುತ್ತೇನೆ, ನಿನ್ನತ್ತೆ ಇದ್ದಿದ್ದರೆ ನನ್ನ ಗಂಗಳಕ್ಕೆ ಅರ್ಧ ಇಕ್ಕುವಷ್ಟು ಕೈ ಬರುತ್ತಿತ್ತೇ ಎಂದು ಸೊಸೆಯ ಮೇಲೆ ಕೂಗಾಡಿದೆ. ಆಗ ದ್ಯಾವಮ್ಮ, ಇಷ್ಟು ವರ್ಷ ನನ್ನೆದುರು ತಲೆ ಎತ್ತಿ ಮಾತಾಡದವಳು, ಸಾರಿನ ಸೌಟು ಕೈಯಲ್ಲಿ ಹಿಡಿದೇ ಅತ್ತುಬಿಟ್ಟಳು. ‘ನಾನೇನ್ ಕದ್ದು ಮಾಡಿದ್ನಾ ಮಾವ? ಎದುರ್ಗೇ ಇಕ್ಕಿವ್ನಿ. ಅತ್ತೆ ಒಂಬತ್ತು ವರ್ಸ ಕದ್ದು ಕಡ್ಮೆ ಮಾಡಿದ್ರಲ್ಲ, ಆಗ ಚೆಂದಾಗ್ ಉಂಡ್ರಿ! ಚಿಪ್ನಲ್ಲಿ ಅಳ್ದು ಇಕ್ತಿದ್ರಂತೆ. ಪುಟ್ಟಲಕ್ಷ್ಮಮ್ಮನ್ನೇ ಕೇಳಿ, ಗೌರಿ ಅಬ್ಬಕ್ ಬಂದಾಗ ಅವಳೇ ಯೋಳಿದ್ದು’ ಅಂದಳು.

ಸೆಕೆಂಡ್ಲಿ, ಅದೇ. ನೀನು ಹೇಳಿದ್ದು. ನನಗೆ ಹೇಳದೆ ಅತ್ತಿಗೆಗೆ ಹೇಳಿದ್ದು.

ನಾನು ನಂಬಲಿಲ್ಲ. ಮಾರನೆಯ ದಿನ ನಿನ್ನ ಅತ್ತಿಗೆಯನ್ನು ಕೂರಿಸಿಕೊಂಡು ಎಲ್ಲ ಕೇಳಿದೆ. ಹೆದರಿಕೊಂಡು ಹೇಳಿದಳು. ಐದು ತೆಂಗಿನ ಚಿಪ್ಪು, ಒಂದಕ್ಕಿಂತ ಒಂದು ಚೂರೇ ಚೂರು ಸಣ್ಣದು, ಹೊರಮೈಗೆ ಒಂದು ಗೀರು, ಎರಡು ಗೀರು, ಹೀಗೆ ಐದರ ತನಕ ಗುರುತು. ಹಿಟ್ಟು ತೊಳಸಿ ಇಳಿಸಿದ ಮೇಲೆ ನಿನ್ನ ಅವ್ವ ನನ್ನ ಪಾಲನ್ನು ಒದ್ದೆ ಚಿಪ್ಪಿನಲ್ಲಿ ಅಳೆದು ಮುದ್ದೆ ಕಟ್ಟುತ್ತಿದ್ದಳಂತೆ. ಒಂದೆರಡು ವರ್ಷ ಒಂದು ಚಿಪ್ಪು, ಒಂದು ಗೌರಿ ಹಬ್ಬ ನೋಡಿಕೊಂಡು ಮುಂದಿನ ಗೀರಿನದು. ಮುದ್ದೆ ಎರಡೇ, ಯಾವತ್ತೂ ಎರಡೇ. ನಾನು ಎರಡೆಂದು ಎಣಿಸಿಕೊಂಡು ಮೀಸೆ ತಿರುವುತ್ತಿದ್ದೆ. ಹೀಗೆ ಗೊತ್ತಾಗದ ಹಾಗೆ ಚೂರು ಚೂರೇ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಪದವಿದೆ, ನಾಲಗೆಯ ತುದಿಯಲ್ಲಿದೆ, ಬರುತ್ತಿಲ್ಲ. ಕಾನ್‌ಸ್ಪಿರಸಿ ಅನ್ನುವ ಪದ ಮಾತ್ರ ಸಲೀಸಾಗಿ ಬರುತ್ತಿದೆ.

ಗಂಗಳದ್ದು ಇನ್ನೊಂದು. ನಮ್ಮಪ್ಪನ ಕಾಲದ ದೊಡ್ಡ ಗಂಗಳವನ್ನು ಅವಳು ಒಂದು ದಿನ ‘ಸೀಳ್ ಬುಟ್ಟದೆ ಕಣ್ರೀ, ಕಂಚ್ಗಾರನ ತಾವ ಕೊಡಬೇಕು’ ಎಂದು ಅಟ್ಟಕ್ಕೆ ಹಾಕಿ, ತನ್ನ ತವರಿನ ಸಣ್ಣ ಗಂಗಳದಲ್ಲಿ ಇಕ್ಕಲು ಶುರು ಮಾಡಿದಳಲ್ಲ, ನೆನಪಿದೆಯೇ? ಅವಳು ಹೋದ ಮೇಲೆ ದ್ಯಾವಮ್ಮ ಮಾವನಿಗೆ ಮರ್ಯಾದೆ ಎಂದು ದೊಡ್ಡದನ್ನೇ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಶುಕ್ರವಾರ ನಾನು ಅದನ್ನು ಬೆಳಕಿಗೆ ಹಿಡಿದು ಅಂಚೆಲ್ಲ ಸವರಿ ನೋಡಿದೆ. ಬೆರಳಲ್ಲಿ ತಟ್ಟಿದೆ. ಗುಡಿಯ ಗಂಟೆಯ ಹಾಗೆ ಕೂಗಿತು, ಕೊಟ್ಟಿಗೆಯಲ್ಲಿದ್ದ ಕರು ತಿರುಗಿ ನೋಡಿತು. ಸೀಳು ಬಿಟ್ಟ ಕಂಚು ಹಾಗೆ ಕೂಗುತ್ತದೆಯೇ? ಸಣ್ಣ ಗಂಗಳದಲ್ಲಿ ಸಣ್ಣ ಮುದ್ದೆ ದೊಡ್ಡದಾಗಿ ಕಾಣಲಿ ಎಂದು ಮಾಡಿದ ಕೆಲಸ! ಇಪ್ಪತ್ತೆಂಟು ವರ್ಷ ನನ್ನೆದುರು ಒಂದು ಸುಳ್ಳು ಆಡಲಿಲ್ಲ ಎಂದು ನಾನು ಎದೆ ತಟ್ಟಿ ಹೇಳಿಕೊಂಡ ಹೆಂಗಸು ಅವಳು.

ಇದಕ್ಕೆಲ್ಲ ಮೂಲ ಯಾವುದು ಎಂದು ಈಗ ಹೊಳೆಯುತ್ತಿದೆ. ನಿನಗೂ ನೆನಪಿರಬೇಕು, ಇಪ್ಪತ್ತೈದನೇ ಇಸವಿಯಲ್ಲಿ ಗಂಜಾಮಿನ ನಿಮಿಷಾಂಬನ ಗುಡಿಗೆ ಹೋಗಿದ್ದೆವು. ಕಾವೇರಿಯಲ್ಲಿ ಮುಳುಗಿ ಎದ್ದವನು ಮೆಟ್ಟಿಲು ಹತ್ತಲಾರದೆ ಒದ್ದೆ ಪಂಚೆಯಲ್ಲಿ ನಡುವೆಯೇ ಕೂತೆ. ಇಬ್ಬರು ಗಂಡಸರು ರಟ್ಟೆ ಹಿಡಿದು ಎಳೆದರು. ಶ್ರೀರಂಗಪಟ್ಟಣದಲ್ಲಿ ಒಬ್ಬ ವಯಸ್ಸಾದ ಡಾಕ್ಟರಿಗೆ ತೋರಿಸಿದಾಗ ಅವರೂ ಊಟ ಕಡಿಮೆ ಮಾಡಿ ಅಂದರು. ‘ನಾನೇನು ನಿಮ್ಮ ಮನೆಯ ಊಟ ಉಣ್ಣುತ್ತೇನೆಯೇ’ ಎಂದು ಕೇಳಿ ಎದ್ದು ಬಂದೆ. ನಿನ್ನ ಅವ್ವ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ನನ್ನ ಪರವಾಗಿದ್ದಾಳೆ ಎಂದುಕೊಂಡೆ. ಆ ಹೆಂಗಸು ಗಾಡಿಯಲ್ಲಿ ಕೂತು ಚಿಪ್ಪಿನ ಯೋಚನೆ ಮಾಡುತ್ತಿದ್ದಳು!

ರೈಲೂ ಅವಳದೇ ಹೂಟ ಎಂದು ನಿನ್ನೆ ಮಧ್ಯಾಹ್ನ ಎಲೆಅಡಿಕೆ ಹಾಕುತ್ತಾ ಕೂತಿದ್ದಾಗ ತಿಳಿಯಿತು. ಆಗ ನನಗೆ ದಿನಕ್ಕೆ ನಾಲ್ಕು ಹೊತ್ತು. ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ, ಐದು ಗಂಟೆಗೆ ಬೋಂಡವೋ ಚಕ್ಕುಲಿಯೋ, ಮತ್ತೆ ರಾತ್ರಿ ಮುದ್ದೆ. ಗಂಜಾಮಿನಿಂದ ಬಂದ ಮೇಲೆ ಐದು ಗಂಟೆ ಆಗುವ ಹೊತ್ತಿಗೆ ಸರಿಯಾಗಿ ಕೊಡೆ ತಂದು ಕೈಗೆ ಕೊಡುತ್ತಿದ್ದಳು. ‘ರೈಲ್ ಬರೋ ಒತ್ತಾಯ್ತು. ಪೇಪರ್ ಬಂದಿರ್ತದೆ, ಓಗಿ ತಕ್ಕೊಂಡ್ ಬನ್ನಿ. ಲೋಕದಲ್ಲಿ ಏನೇನ್ ನಡೀತಾ ಅದೋ, ನಮ್ಗೂ ಒಸಿ ಓದೇಳಿ’ ಎಂದು. ಸ್ಟೇಷನ್ನಿಗೆ ಹೋಗಿ ಬರುವುದೆಂದರೆ ಮೂರು ಮೈಲಿ. ಬರುವ ಹೊತ್ತಿಗೆ ಮುದ್ದೆ ಬೇಯುತ್ತಿರುತ್ತಿತ್ತು, ತಿಂಡಿಯ ಹೊತ್ತು ಕಳೆದೇ ಹೋಗಿರುತ್ತಿತ್ತು. ನನ್ನ ಓದಿನ ಮೇಲೆ ಅವಳಿಗೆ ಎಷ್ಟು ಗೌರವ ಎಂದು ನಾನು ಹಿಗ್ಗುತ್ತಿದ್ದೆ. ಒಂಬತ್ತು ವರ್ಷ ಅವಳು ಕೂತು ಕೇಳಿದ ಲೋಕದ ಸಮಾಚಾರವೆಲ್ಲ ನನ್ನ ಹೊಟ್ಟೆಯ ಔಷಧವೇ? ಈಗ ಪೇಪರನ್ನು ಟಪ್ಪಾಲಿನ ದಾಸಯ್ಯ ಮನೆಯ ಜಗಲಿಗೇ ತಂದು ಹಾಕುತ್ತಾನೆ, ಡಾಕ್ಟರು ಬೇಡ ಅನ್ನುವ ತನಕ ಪಕ್ಕದಲ್ಲಿ ಬೋಂಡವೂ ಬಂದು ಕೂರುತ್ತಿತ್ತು.

ಆದರೆ ನನಗೆ ಉರಿ ಹತ್ತಿಸಿರುವುದು ಚಿಪ್ಪೂ ಅಲ್ಲ, ಗಂಗಳವೂ ಅಲ್ಲ. ಸ್ಟೇಷನ್ನಿನಲ್ಲಿ ಪಾರ್ಸಲು ತೂಗುವ ದೊಡ್ಡ ತಕ್ಕಡಿ ಇದೆಯಲ್ಲ, ಅದರ ಮೇಲೆ ಪೋರ್ಟರ್ ಕುಳ್ಳಯ್ಯ ನನ್ನನ್ನು ಆಗಾಗ ನಿಲ್ಲಿಸಿ ತಮಾಷೆ ಮಾಡುತ್ತಿದ್ದ. ಮೊದಲ ಸಲ, ರೈಲಿನವರ ನಲವತ್ತು ಸೇರಿನ ಮಣದ ಲೆಕ್ಕದಲ್ಲಿ, ಎರಡು ಮಣ ಮೂವತ್ತು ಸೇರು ಇದ್ದೆ. ವರ್ಷಕ್ಕೆ ಮೂರು ಸೇರು, ನಾಲ್ಕು ಸೇರು ಇಳಿಯುತ್ತಾ ಎರಡು ಮಣದ ಹತ್ತಿರಕ್ಕೆ ಬಂದೆ. ‘ಸೋಮಿ, ನಿಮ್ಮನ್ನ ಪಾರ್ಸಲ್ ಮಾಡಿದ್ರೆ ಮದ್ಲಿನಷ್ಟು ಬಾಡ್ಗೆ ಬೀಳಾಕಿಲ್ಲ ಈಗ’ ಅನ್ನುತ್ತಿದ್ದ. ಅದೆಲ್ಲ ನನ್ನ ವಿಲ್ ಪವರ್ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ! ಮನುಷ್ಯ ಮನಸ್ಸು ಗಟ್ಟಿ ಮಾಡಿದರೆ ಎರಡು ಮುದ್ದೆ ಉಂಡೂ ಮೈ ಇಳಿಸಬಹುದು ಎಂದು ನಿನ್ನ ಮದುವೆಯ ಚಪ್ಪರದಲ್ಲಿ ನಿನ್ನ ಗಂಡನಿಗೆ ಅರ್ಧ ಗಂಟೆ ಉಪದೇಶ ಮಾಡಿದೆ. ನಿನ್ನ ಅವ್ವ ಅಲ್ಲೇ ಹೂ ಕಟ್ಟುತ್ತಾ ಕೂತಿದ್ದಳು, ನೀನು ಹಸೆಯ ಮೇಲಿದ್ದೆ, ಇಬ್ಬರೂ ತಲೆ ತಗ್ಗಿಸಿದ್ದಿರಿ. ನಾಚಿಕೆ ಎಂದುಕೊಂಡೆ. ನಗುತ್ತಿದ್ದಿರಿ! ಮೊನ್ನೆ ಮತ್ತೆ ಹೋಗಿ ತಕ್ಕಡಿಯ ಮೇಲೆ ನಿಂತೆ. ಎರಡು ಮಣ ಇಪ್ಪತ್ತಾರು ಸೇರು. ಕುಳ್ಳಯ್ಯ ತಲೆ ಕೆರೆದುಕೊಂಡು ‘ಏನ್ ಸೋಮಿ, ಅವ್ವಾರು ಓದ್ಮೇಲೆ ದುಕ್ಕಕ್ಕೆ ಎಲ್ಲಾ ಇಳೀತಾರೆ, ನೀವು ಏರ್ತಾ ಇದ್ದೀರಲ್ಲ’ ಅಂದ. ಎರಡು ವರ್ಷದಲ್ಲಿ ಎಲ್ಲ ವಾಪಸು ಬರುತ್ತಾ ಇದೆ. ನನ್ನ ವಿಲ್ ಪವರ್ರೆಲ್ಲ ನಿನ್ನ ಅವ್ವ ಮುತ್ತಮ್ಮನ ಜೊತೆಯಲ್ಲೇ ಹೊಳೆದಂಡೆಗೆ ಹೋಯಿತು ಎಂದು ಆ ಪೋರ್ಟರಿಗೆ ಹೇಗೆ ಹೇಳಲಿ?

ಇನ್ನು ನಿನ್ನ ಮೇಲಿನ ಕೋಪ. ಫೋರ್ತ್ಲಿಯೋ ಫಿಫ್ತ್ಲಿಯೋ, ಎಣಿಕೆ ತಪ್ಪಿದೆ. ಅವಳ ತಿಥಿಯ ಮಾರನೆಯ ದಿನ ಅವ್ವನ ಗುರುತಿಗೆ ಏನು ಬೇಕಮ್ಮ ಎಂದು ಕೇಳಿದೆ. ಹಿತ್ತಾಳೆ ಬಿಂದಿಗೆ ತೋರಿಸಿದೆ, ಬೆಳ್ಳಿಯ ಕುಂಕುಮದ ಭರಣಿ ತೋರಿಸಿದೆ. ನೀನು ಒಲೆಯ ಗೂಡಿನಿಂದ ಒಂದರೊಳಗೊಂದು ಕೂತಿದ್ದ ಐದು ಹಳೆಯ ಚಿಪ್ಪು ತೆಗೆದು ಎದೆಗೆ ಒತ್ತಿಕೊಂಡೆ. ಆಗಲೇ ಬಾಯಿ ಬಿಡಬಾರದಿತ್ತೇ? ಅಪ್ಪನಿಗೆ ಹೇಳಕೂಡದು ಎಂದು ಆಣೆ ಹಾಕಿಸಿದ್ದಳೇ? ಹಾಕಿಸಿರುತ್ತಾಳೆ. ಆದರೆ ಅತ್ತಿಗೆಗೆ ಆಗಲೇ ಹೇಳಬಹುದಿತ್ತು. ನಾನೋ, ‘ತಗೊಂಡು ಹೋಗು, ಈ ಮನೆಯಲ್ಲಿ ಚಿಪ್ಪು ಯಾರಿಗೆ ಬೇಕು’ ಎಂದು ಗದರಿಸಿದೆ. ಗದರಿಸಿದ್ದು ನಾನೇ. ಅದಕ್ಕೂ ಕೋಪ ಬರುತ್ತಿದೆ.

ಒಂದು ಮಾತು ಕೇಳಬೇಕು, ತಿಳಿದಿದ್ದರೆ ಬರೆ. ಅವಳು ಎಷ್ಟು ಉಣ್ಣುತ್ತಿದ್ದಳು? ನನ್ನ ಮುದ್ದೆಯನ್ನು ಒಂಬತ್ತು ವರ್ಷ ಅವಳು ಅಳೆದಳು. ಅವಳ ಗಂಗಳವನ್ನು ನಾನು ಒಂದು ದಿನವೂ ನೋಡಲಿಲ್ಲ. ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಗೋಡೆಯ ಕಡೆ ಮುಖ ಮಾಡಿಕೊಂಡು ಉಣ್ಣುತ್ತಿದ್ದಳು. ಬೆನ್ನು ಮಾತ್ರ ನೆನಪಿದೆ. ಇದ್ದಿದ್ದರೆ ಈಗಲೇ ಕರೆದು ಚೆನ್ನಾಗಿ ಬಯ್ಯುತ್ತಿದ್ದೆ.

ನಿಮ್ಮತ್ತೆಯವರಿಗೆ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ, ಮಗುವಿನ ಎರಡು ಕೆನ್ನೆಗೂ ಮುತ್ತು. ನಿನಗೂ ಆಶೀರ್ವಾದವೇ, ಸದ್ಯಕ್ಕೆ ಅರ್ಧ ತಗೋ, ಉಳಿದದ್ದು ಕೋಪ ಇಳಿದ ಮೇಲೆ.

ನಿನ್ನ ಅಪ್ಪ,
ಹುಚ್ಚಯ್ಯ

ಮರೆತದ್ದು: ದಾಸಯ್ಯ ಜಗಲಿಯ ಮೇಲೆ ಚೀಲ ಇಟ್ಟುಕೊಂಡು ಬೇಗ ಬೇಗ ಅನ್ನುತ್ತಿದ್ದಾನೆ. ಆ ಪದ ಸಿಕ್ಕಿತು, ಗ್ರಾಜುಯಲ್. ಚಿಪ್ಪುಗಳನ್ನು ಎಸೆದಿಲ್ಲ ತಾನೇ? ಒಂದು ಗೀರಿನದನ್ನು ಮಾತ್ರ, ಅದೇ ಎಲ್ಲಕ್ಕಿಂತ ದೊಡ್ಡದು, ಬಟ್ಟೆಯಲ್ಲಿ ಸುತ್ತಿ ನಿನ್ನ ಅತ್ತಿಗೆಯ ಹೆಸರಿಗೆ ಕಳಿಸು, ನನ್ನ ಹೆಸರಿಗೆ ಬೇಡ. ಮಿಕ್ಕವನ್ನು ವರ್ಷಕ್ಕೊಂದರಂತೆ ಗೌರಿ ಹಬ್ಬಕ್ಕೆ ಬರುವಾಗ ತಾ. ಹಾಗೆ ಮಾಡಿದರೆ ಐದು ವರ್ಷವಾಗುತ್ತದೆ. ಡಾಕ್ಟರು ಎರಡೇ ಅಂದರು, ಅವರಿಗೆ ನಿನ್ನ ಅವ್ವನ ವಿಷಯ ಗೊತ್ತಿಲ್ಲ. ಮುದ್ದೆ ಮಾತ್ರ ಎರಡೇ ಇರಲಿ, ನೂಲು ಮುಟ್ಟಬೇಡ ಎಂದು ದ್ಯಾವಮ್ಮನಿಗೆ ಗುಟ್ಟಾಗಿ ಬರೆ, ಮಾವನಿಗೆ ಏನೂ ಗೊತ್ತಾಗುವುದಿಲ್ಲ ಎಂದೂ ಬರೆ. ನಾಳೆಯಿಂದ ಪೇಪರು ಸ್ಟೇಷನ್ನಿನಲ್ಲೇ ಇರಲಿ, ನಾನೇ ಬಂದು ತರುತ್ತೇನೆ ಎಂದು ದಾಸಯ್ಯನಿಗೆ ಹೇಳಿದ್ದೇನೆ. ದೊಡ್ಡ ಗಂಗಳವನ್ನು ಇವತ್ತು ಬೆಳಗ್ಗೆ ನಾನೇ ಅಟ್ಟಕ್ಕೆ ಹಾಕಿದೆ. ಸೀಳು ಬಿಟ್ಟಿದೆ ಎಂದು ನಿನ್ನ ಅತ್ತಿಗೆಗೆ ಹೇಳಿದ್ದೇನೆ.