ನಿಂಗಿಯ ಎಡಗೈಗೆ ಯಾವ ಆಯುಧ

ಒಡಹುಟ್ಟದೆಯೂ ನನಗೆ ಅಣ್ಣನಾದ ಮಲ್ಲಣ್ಣಾ,

ನೀನು ಹೋದ ಮೇಲೂ ನಿಂಗಿ ಆ ಸೇತುವೆಯ ಮೇಲೆಯೇ ನಿಂತಿದ್ದಳು. ಬೆನ್ನ ಹಿಂದೆ ಕಲ್ಲುಗಣಿಯಿಂದ ತಪ್ಪಿಸಿಕೊಂಡು ಬಂದ ಜೀತದವರು, ಎದುರಿಗೆ ಅವರನ್ನು ಅಟ್ಟಿಸಿಕೊಂಡು ಬಂದ ಕೋಟೆಯ ದಳಪತಿ. ಆಟವನ್ನು ಅಲ್ಲಿಗೇ ನಿಲ್ಲಿಸಿ, "ಬರೋ ಭಾನುವಾರ ಆಯುಧ ಹೇಳು" ಎಂದು ನೀನು ಸಿರುಗುಪ್ಪದ ನಿನ್ನ ಟ್ಯೂಷನ್ ಕೋಣೆಗೆ ಬೀಗ ಹಾಕಿದ್ದೆ. ಆ ಭಾನುವಾರ ಬರುವ ಮೊದಲೇ ನಿನ್ನ ಎದೆಬಡಿತ ನಿಂತುಹೋಯಿತು.

ಕುರುಗೋಡಿನಿಂದ ನಾನು ಮೊದಲ ಸಲ ಬಂದ ದಿನ ನಿನಗೆ ನೆನಪಿದೆಯಾ? ಕೂಲಿಯವರ ಹಕ್ಕಿನ ಕಿರುಹೊತ್ತಿಗೆಯೊಂದು ಕೈಯಲ್ಲಿತ್ತು. ರಾಜರ, ಕೋಟೆಗಳ ಆಟ ನನಗೆ ಬೇಡ ಎಂದಿದ್ದೆ. "ಹಂಗಾದ್ರ ಕೋಟಿ ಕೆಡವೋಳಾಗಿ ಆಡು" ಎಂದು ನೀನು ನಕ್ಕಿದ್ದೆ. ಒಬ್ಬಳನ್ನು ಕಲ್ಪಿಸಿಕೊಳ್ಳಬೇಕು, ಅವಳು ಏನು ಮಾಡುತ್ತಾಳೆಂದು ಬಾಯಲ್ಲಿ ಹೇಳಬೇಕು, ಅದು ಆಗುತ್ತದೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಹಾಗೆ ಹುಟ್ಟಿದವಳು ನಿಂಗಿ, ಎರಡೂ ಕೈಯಲ್ಲಿ ಕಾದಾಡುವವಳು. ಅವಳ ಎಡಗೈ ಮಾಡುವ ಕೆಲಸಕ್ಕೆ ನಾನೂ ಎಡಗೈಯಿಂದಲೇ ದಾಳ ಹಾಕಬೇಕು, ದಾಳ ಹಲಗೆಯಿಂದ ಕೆಳಗೆ ಬಿದ್ದರೆ ಅವಳ ಆಯುಧವೂ ಬಿದ್ದ ಹಾಗೆ. ಇದು ನೀನು ಮಾಡಿದ ಕಟ್ಟಳೆ. ಪಕ್ಕದ ಮನೆಯ ಅಜ್ಜಿ ಎಡಗೈ ಕಂಡು ಮುಖ ಸಿಂಡರಿಸಿದಾಗ, "ಅಜ್ಜೀ, ಆ ಕೈಗೂ ಒಂದು ಕೆಲಸ ಬೇಕಲ್ರಿ" ಎಂದವನೂ ನೀನೇ.

ಕೊನೆಯ ಸಲ ಜಗಳವಾಡಿದ್ದು ಅವತ್ತೇ, ಬಸ್ ನಿಲ್ದಾಣದಲ್ಲಿ ಮಿರ್ಚಿ ತಿನ್ನುತ್ತಾ. ಎರಡೂ ಕೈಗೆ ಉದ್ದನೆಯ ಕತ್ತಿಯೇ ಬೇಕೆಂದು ನನ್ನ ಹಟ. ಬಲಗೈಗೆ ಕತ್ತಿ, ಎಡಗೈಗೆ ಬರೀ ಬಾಕು ಎಂದರೆ ಎಡಗೈ ಏನು ಜೀತದ ಆಳೇ?

"ನಿನ್ನ ಕರಪತ್ರ ಎಡಗೈಗೆ ಓದಿ ಹೇಳಬೇ. ಕೇಳ್ತೈತೇನು ನೋಡಾಣ" ಎಂದು ನೀನು ರೇಗಿಸಿದೆ.

"ಅದು ಕೇಳ್ತೈತಿ. ನೀನ ಕೇಳವಲ್ಲಿ."

"ಎರಡು ಭಾರದ ಕತ್ತಿ ಹಿಡಿದ್ರ ಎರಡೂ ಕೈ ಗುರಿ ತಪ್ತಾವು. ಎರಡೂ ಗಿಡ್ಡವು ತಗೊಂಡ್ರ ಏಟು ಬೀಳ್ತಾವು, ಆದ್ರ ಸೊಳ್ಳಿ ಕಡದಂಗ. ಕತ್ತಿ ಒಂದು, ಬಾಕು ಒಂದು ಇದ್ರ ಬಲಗೈ ಹೊಡೀತೈತಿ, ಎಡಗೈ ತಡೀತೈತಿ."

"ತಡಿಯೋದು ಹೆದರೋರ ಕೆಲಸ."

ನೀನು ಉಳಿದಿದ್ದ ಮಿರ್ಚಿ ಎತ್ತಿಕೊಂಡು, "ಹಂಗಲ್ಲಬೇ ರೇಣು, ಬೆನ್ನ ಹಿಂದೆ ಇರೋರು..." ಎಂದು ಶುರು ಮಾಡಿದ್ದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಮುಂದೆ ಏನು ಹೇಳುವವನಿದ್ದೆ?

ಹೋದ ಭಾನುವಾರ ಮತ್ತೆ ಸೇರಿದೆವು. ಬಳ್ಳಾರಿಯಿಂದ ನಿನ್ನ ತಮ್ಮ ಬಸವ ಬಂದು, ಆಟ ನಡೆಸುವ ನಿನ್ನ ಜಾಗದಲ್ಲಿ ಕೂತ. ನಮ್ಮ ಜೊತೆ ಆಡುತ್ತಿದ್ದ ಇಸ್ಮಾಯಿಲ್ ಅಕ್ಕಿ ಗಿರಣಿಯ ಕೆಲಸ ಮುಗಿಸಿ ಬಂದ. ಜನರನ್ನು ದಾಟಿಸದೆ ನಿಂಗಿ ಬಿದ್ದರೆ ಈ ಆಟವನ್ನೇ ಮುಗಿಸಿಬಿಡುವುದು ಎಂದು ಮಾತಾಗಿತ್ತು. ನೀನಿಲ್ಲದ ಕೋಣೆಗೆ ಮತ್ತೆ ಮತ್ತೆ ಬರುವ ಶಕ್ತಿ ಯಾರಿಗೂ ಇರಲಿಲ್ಲ. ಬಸವ ಹಲಗೆಯ ಮೇಲೆ ಹುಣಸೆ ಬೀಜ ಸುರಿದ. ಅವೇ ಜನ. ಪ್ರತಿ ಸುತ್ತಿನಲ್ಲಿ ಒಂದು ಹಿಡಿ ಬೀಜದಂತೆ ಮೂರು ಸುತ್ತಿನಲ್ಲಿ ಎಲ್ಲರೂ ದಾಟಬೇಕು.

"ಆಯುಧ ಹೇಳಬೇ" ಎಂದ.

"ಎರಡೂ ಉದ್ದನ್ನವು ತಗೋ" ಎಂದ ಇಸ್ಮಾಯಿಲ್. "ಮೊದಲನೇ ಸುತ್ತಿಗೇ ಅವನ್ನ ಕೆಡವು. ಕಿಸ್ಸಾ ಖತಂ."

ಸರಿ ಎನ್ನುವುದು ಬಾಯಿಗೆ ಬಂದಿತ್ತು. ಆದರೆ ಆ ಬೀಜಗಳ ಕಡೆ ನೋಡಿದೆ. ದಳಪತಿ ಸತ್ತರೆ ನನಗೆ ಖುಷಿ, ಸರಿ. ಏಟು ತಪ್ಪಿದರೆ? ಅವರ ಮೇಲೆ ಬೀಳುವವನನ್ನು ಯಾವ ಕೈ ತಡೆಯುತ್ತದೆ? ಅವರು ದಾಟಲಿ ಎಂದಲ್ಲವೇ ನಿಂಗಿ ಅಲ್ಲಿ ನಿಂತದ್ದು...

"ಬಲಗೈಗೆ ಕತ್ತಿ, ಎಡಗೈಗೆ ಬಾಕು."

ಮೊದಲ ಏಟನ್ನು ಬಾಕು ತಡೆಯಿತು. ಎರಡನೆಯ ಸುತ್ತಿನಲ್ಲಿ ದಾಳ ಹಲಗೆಯ ಅಂಚಿನವರೆಗೆ ಉರುಳಿ ನಿಂತಿತು. ಇಸ್ಮಾಯಿಲ್ ಉಸಿರು ಬಿಟ್ಟದ್ದು ಕೇಳಿಸಿತು. ಮೂರನೆಯದರಲ್ಲಿ ಬಸವ ಕೊನೆಯ ಹಿಡಿ ಬೀಜವನ್ನು ಆಚೆಗೆ ಸರಿಸಿ, "ಎಲ್ಲಾರೂ ದಾಟಿದ್ರು. ಈಗ ಅವನ ಏಟು" ಎಂದ. ನನ್ನ ಎಡಗೈ ಬೆವರಿತ್ತು. ದಾಳ ನೆಲಕ್ಕೆ ಬಿತ್ತು.

"ಹಲಗಿ ಅಲುಗಾಡ್ತು, ನಾ ನೋಡೀನಿ" ಎಂದ ಇಸ್ಮಾಯಿಲ್. "ಇನ್ನೊಮ್ಮಿ ಹಾಕು."

ಬಸವ ಬೇಡ ಎನ್ನಲಿಲ್ಲ. ಹಾಕಬಹುದಿತ್ತು.

"ಬಿತ್ತು ಅಂದ್ರ ಬಿತ್ತು" ಎಂದೆ.

ಬಾಕು ಬಿತ್ತು, ನಿಂಗಿ ಸತ್ತಳು, ಅಣ್ಣಾ. ಆಮೇಲೆ ಬಸವ ನಿನ್ನ ಕುರ್ಚಿಯಿಂದ ಎದ್ದ. "ನಿನಗ ಈಗ ಆಡಾಕ ಪಾತ್ರನ ಇಲ್ಲ. ಬಾ, ಇಲ್ಲಿ ಕುಂದ್ರು. ಅಣ್ಣ ಬರೆದಿಟ್ಟ ನಕ್ಷಿ ಈ ಹೊಳಿಗೇ ಮುಗೀತೈತಿ. ಆಚೆ ದಂಡ್ಯಾಗ ಏನೈತಿ, ನೀನ ಹೇಳು."

ವಾರವೆಲ್ಲ ಅದನ್ನೇ ಯೋಚಿಸಿದೆ. ಆಚೆ ದಂಡೆಯಲ್ಲಿ ಕೋಟೆಯಿಲ್ಲ, ದಣಿಯಿಲ್ಲ. ಅಷ್ಟು ಖಚಿತ. ಕಾಲುವೆ ಇದೆ. ದಾಟಿದವರು ಭತ್ತ ನಾಟಿ ಮಾಡಿದ್ದಾರೆ. ಈಗ ನೀರು ಮೊದಲು ಮೇಲಿನ ಗದ್ದೆಗೋ ಕೊನೆಯ ಗದ್ದೆಗೋ ಎಂದು ತಮ್ಮತಮ್ಮಲ್ಲೇ ಗುದ್ದಲಿ ಎತ್ತಿ ನಿಂತಿದ್ದಾರೆ. ಇದಕ್ಕೆ ನನ್ನ ಯಾವ ಕಿರುಹೊತ್ತಿಗೆಯಲ್ಲೂ ಉತ್ತರ ಸಿಗಲಿಲ್ಲ. ಬಸವ ಹೊಸ ಪಾತ್ರ ಕಟ್ಟುತ್ತಿದ್ದಾನೆ, ಎರಡು ಕೈಗೆ ಯಾವ ಆಯುಧ ಒಳ್ಳೆಯದೆಂದು ನಿನ್ನೆ ಫೋನ್ ಮಾಡಿ ಕೇಳಿದ. ಎರಡೂ ಕೈ ಖಾಲಿ ಇಟ್ಟುಕೊಂಡು ಬಾ ಎಂದಿದ್ದೇನೆ. ಬರಿಗೈಯಲ್ಲಿ ಆ ಜಗಳ ಬಗೆಹರಿಯುತ್ತದೆಂದು ಅವನಿಗೆ ನಂಬಿಕೆಯಿಲ್ಲ. ನನಗೂ ಪೂರ್ತಿ ಇಲ್ಲ. ಆದರೂ ಆಡಿಸುತ್ತೇನೆ.

ನಿನ್ನ ರೇಣು