ವರ್ಸಮೆ ಅಂಕಲ್‌ಗೆ ಸನ್ಮಾನ

ಬಾಕ್ಸ್ ಹಿಲ್, ಮೆಲ್ಬರ್ನ್
೨೭ ನವೆಂಬರ್ ೧೯೯೪

ನನ್ನ ಮುದ್ದು ನಿವೇದಿತಾ,

ಅಮ್ಮನ ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಸಿಡ್ನಿಗೆ ಹೋಗಿ ಡಾಕ್ಟರಾದ ಮೇಲೆ ನಿನಗೆ ಊಟಕ್ಕೂ ಪುರುಸೊತ್ತಿಲ್ಲವೆಂದು ನಿನ್ನ ರೂಮ್‌ಮೇಟ್ ಚಾಡಿ ಹೇಳಿದಳು. ಬಿಸ್ಕತ್ತು ತಿಂದು ಮಲಗುವ ಡಾಕ್ಟರಿಗೆ ರೋಗಿಗಳು ಏನು ಮರ್ಯಾದೆ ಕೊಟ್ಟಾರು? ಚಟ್ನಿಪುಡಿ ಕಳಿಸಿದ್ದೇನೆ, ಅನ್ನಕ್ಕೆ ಕಲಸಿಕೊಂಡಾದರೂ ತಿನ್ನು.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ "ವರ್ಸಮೆ ಅಂಕಲ್ ಸನ್ಮಾನ ಹೇಗಾಯ್ತಮ್ಮಾ?" ಎಂದು ಕೇಳಿದೆ. ನಾನು "ಚೆನ್ನಾಯ್ತು" ಎಂದು ಹೇಳಿ ಅಪ್ಪನ ಕೈಗೆ ಫೋನ್ ಕೊಟ್ಟೆ. ಚೆನ್ನಾಗಲಿಲ್ಲ ಕಂದ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಕನ್ನಡ ಓದು ಆಮೆ ನಡಿಗೆ, ಗೊತ್ತು. ಒಬ್ಬಳೇ ಇರುವಾಗ ಕೂತು ನಿಧಾನವಾಗಿ ಓದು.

ಎರಡು ವರ್ಷ ಶನಿವಾರ ತಪ್ಪದೆ ಅವರ ಫ್ಲೆಮಿಂಗ್ಟನ್ ಫ್ಲಾಟಿಗೆ ಹೋಗಿ ಕಬನ್ ಕಲಿತವಳು ನೀನು. ಆ ಹೊಟ್ಟೆಡುಬ್ಬ ತಂತಿವಾದ್ಯ ನಿನ್ನ ಕೈಯಲ್ಲಿ ನುಡಿಯಲು ಶುರುವಾದಾಗ, ಹದಿನೈದು ವರ್ಷ ವೀಣೆ ಕಲಿಸಿದ ನನಗೆ ಹೊಟ್ಟೆಕಿಚ್ಚಾಗಿತ್ತು. ಆದರೆ ಅವರ ಐದು ಸ್ವರದ ಹಾಡುಗಳನ್ನು ಕೇಳಿದ ಮೇಲೆ, ಇದು ನಮ್ಮ ಮೋಹನ ರಾಗದ ಚಿಕ್ಕಪ್ಪನ ಮಗ ಎಂದು ನಾನೇ ಹೇಳಿದ್ದೆನಲ್ಲ. ಆ ಫ್ಲಾಟ್ ವಾರದ ಕೊನೆಯಲ್ಲಿ ಹೇಗಿರುತ್ತಿತ್ತು ನೆನಪಿದೆಯಾ? ನೆಲದ ಮೇಲೆ ಕಾಲಿಡಲು ಜಾಗವಿಲ್ಲ. ಸೊಮಾಲಿಯಾದಲ್ಲಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಿದ್ದ ಕುಲಗಳ ಜನ ಇಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತು ಅವರ ಹಾಡು ಕೇಳುತ್ತಿದ್ದರು. ಮೊಗದಿಶು ರೇಡಿಯೋ ಕಾಲದಿಂದ ಎಲ್ಲರಿಗೂ ಅವರು ಬರೀ "ಕಬನ್‌ಲೇ", ಕಬನ್ ನುಡಿಸುವವನು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡು ನಾಟಕದ ಕಂಪನಿಯಲ್ಲಿ ಬೆಳೆದವರು. ಇವರು ನಮ್ಮವರು ಎಂದು ಎರಡು ಕಡೆಯವರೂ ತಿಳಿದಿದ್ದರು. ಅವರು ಯಾರಿಗೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ನಮ್ಮ ಕನ್ನಡ ಕೂಟದ ಸೆಕ್ರೆಟರಿ ಬದರಿನಾಥರಿಗೆ ಈ ಸಲದ ರಾಜ್ಯೋತ್ಸವಕ್ಕೆ ಕನ್ನಡಿಗರಲ್ಲದ ಕಲಾವಿದರೊಬ್ಬರನ್ನು ಸನ್ಮಾನಿಸಬೇಕೆಂಬ ಹುಮ್ಮಸ್ಸು ಬಂತು. ಕರೆಯಲು ನಾನೂ ಅಪ್ಪನೂ ಹೋದೆವು. ವರ್ಸಮೆ ಮಗುವಿನ ಹಾಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನನ್ನ ಹೆಸರು ಹೇಳಿ, ಹಾಡಿನ ವಿಷಯ ಹೇಳಿ. ಅಜ್ಜಂದಿರ ಹೆಸರು ಹೇಳಬೇಡಿ" ಎಂದರು. ಯಾಕೆಂದು ಹೇಳಲಿಲ್ಲ. ನಾನು ಬಂದವಳೇ ಬದರಿನಾಥರಿಗೆ ಒತ್ತಿ ಹೇಳಿದೆ: ವಂಶದ ಸುದ್ದಿ ಬೇಡವಂತೆ, ದಯವಿಟ್ಟು ಎತ್ತಬೇಡಿ.

ಅವರು ನಕ್ಕುಬಿಟ್ಟರು. "ಅಯ್ಯೋ ವಸಂತಾ ಮೇಡಂ, ದೊಡ್ಡೋರೆಲ್ಲ ಹಾಗೇ ಅಲ್ವಾ ಅನ್ನೋದು? ಹಾರ ಬೇಡ, ಶಾಲು ಬೇಡ ಅಂತಾರೆ. ನಾವು ಕೇಳ್ಬಿಡ್ತೀವಾ? ಬೇಡ ಅಂದೋರಿಗೆ ಡಬಲ್ ಹಾಕ್ಬೇಕು!" ಎಂದರು. ನಾನು ಇನ್ನೊಮ್ಮೆ ಹೇಳಿದೆ. "ಆಯ್ತು ಬಿಡಿ, ಟೆನ್ಷನ್ ಮಾಡ್ಕೋಬೇಡಿ" ಎಂದರು. ಅವರ ಮಾತು ನಂಬಿದೆ.

ಸಮಾರಂಭದ ದಿನ ವರ್ಸಮೆ ಒಂದು ವ್ಯಾನ್ ತುಂಬ ಜನರನ್ನು ಕರೆದುಕೊಂಡು ಬಂದರು. ಅವರ ಹೆಂಗಸರ ಸಂಬೂಸಾ ತಟ್ಟೆಗಳು ನಮ್ಮ ಕೋಡುಬಳೆ ಪಕ್ಕ ಕೂತವು. ಹಾವಾ ಎಂಬ ಮುದುಕಿ ನಿನಗೆ ಗೊತ್ತಲ್ಲ, ನಿನಗೆ ಏಲಕ್ಕಿ ಚಹಾ ಮಾಡಿಕೊಡುತ್ತಿದ್ದವರು, ಎರಡು ಗಂಡುಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡವರು? ಅವರು ಮೊದಲ ಸಾಲಿನಲ್ಲೇ ಕೂತಿದ್ದರು. ವರ್ಸಮೆ ಮೂರು ಹಾಡು ನುಡಿಸಿದರು. ನಮ್ಮ ಮಕ್ಕಳು ತಾಳ ಹಾಕಿದರು. ನಾನು ಅಷ್ಟು ಸಂತೋಷಪಟ್ಟು ಎಷ್ಟೋ ಕಾಲವಾಗಿತ್ತು.

ಆಮೇಲೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಬದರಿನಾಥರು ಸನ್ಮಾನಪತ್ರ ಬಿಚ್ಚಿದರು. ಅತಿಥಿಗಳಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಓದಿದರು. ಫಾರಾಹ್ ಅವರ ಪುತ್ರ, ದಿರಿಯೆ ಅವರ ಪೌತ್ರ, ಸಮತರ್ ಅವರ ಪ್ರಪೌತ್ರ... ಏಳು ತಲೆಮಾರು ಒಂದನ್ನೂ ಬಿಡದೆ, ಶ್ರಾದ್ಧದ ಮಂತ್ರದಷ್ಟು ಸ್ಪಷ್ಟವಾಗಿ. ಬದರಿನಾಥರ ಲೆಕ್ಕದಲ್ಲಿ ಅದು ನಮ್ಮ ಗೋತ್ರ ಪ್ರವರದಂತೆ ಗೌರವದ ಮಾತು. ನಮ್ಮವರು ಚಪ್ಪಾಳೆ ಹೊಡೆದರು.

ಸೊಮಾಲಿಗಳ ಸಾಲಿನಲ್ಲಿ ಒಂದು ಕೈಯೂ ಅಲುಗಲಿಲ್ಲ.

ಹಾವಾ ಎದ್ದು ನಿಂತು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ತಲೆಯ ಮೇಲೆ ಪೇಟ, ಕೊರಳಲ್ಲಿ ಹಾರ ಹೊತ್ತು ಕೂತ ಮನುಷ್ಯ ಒಂದೇ ಮಾತು ಹೇಳಿದರು. ಮುದುಕಿ ತಲೆವಸ್ತ್ರ ಎಳೆದುಕೊಂಡು ಹೊರಗೆ ಹೋದರು. ಅವರ ಹಿಂದೆ ಇಡೀ ಸಾಲು ಎದ್ದಿತು. ತಟ್ಟೆಗಳನ್ನೂ ತೆಗೆದುಕೊಂಡು ಹೋಗಲಿಲ್ಲ. ವ್ಯಾನ್ ವರ್ಸಮೆಯವರನ್ನು ಬಿಟ್ಟೇ ಹೊರಟಿತು. ಬದರಿನಾಥರು ನನ್ನ ಹತ್ತಿರ ಬಂದು, "ಏನಾಯ್ತು ಮೇಡಂ? ಊಟ ಲೇಟಾಯ್ತು ಅಂತಾನಾ?" ಎಂದರು. ನನಗೆ ಅವರ ಕೆನ್ನೆಗೆ ಬಾರಿಸಬೇಕೆನಿಸಿತು, ನಿಜವಾಗಿ.

ಅಪ್ಪ ಕಾರಿನಲ್ಲಿ ಮನೆಗೆ ಬಿಡುವಾಗ ವರ್ಸಮೆ ನಿಧಾನವಾಗಿ ವಿವರಿಸಿದರು. ಅವರ ದೇಶದಲ್ಲಿ ಅಜ್ಜಂದಿರ ಹೆಸರು ಸಾಲಾಗಿ ಹೇಳಿದರೆ ಕುಲ ಹೇಳಿದಂತೆ. ಈ ಯುದ್ಧದ ನಂತರ ಕುಲ ಹೇಳಿದರೆ, ಯಾರು ಯಾರ ಊರು ಸುಟ್ಟರು ಎಂದು ಹೇಳಿದಂತೆ. ಹಾವಾ ಅವರ ಮಕ್ಕಳನ್ನು ಕೊಂದ ದಂಡು ವರ್ಸಮೆಯವರ ಅಜ್ಜಂದಿರ ಕುಲದ್ದು. ವರ್ಸಮೆ ತಾವೇನೂ ಬಂದೂಕು ಹಿಡಿದವರಲ್ಲ. ಹಾಡಿನಿಂದಲೇ ಎರಡೂ ಕಡೆಯವರ ಮದುವೆ ಮಾಡಿಸಿದವರು. "ಇದು ನಿಜವಾ ಎಂದು ಕೇಳಿದಳು. ಹೌದು ಎಂದೆ. ಸತ್ತುಹೋದ ಅಜ್ಜಂದಿರನ್ನು ನನ್ನವರಲ್ಲ ಎನ್ನಲು ಬಾಯಿ ಬರಲಿಲ್ಲ" ಎಂದರು.

ಮಾರನೆಯ ಬೆಳಿಗ್ಗೆಯಿಂದ ಅವರ ಬಾಗಿಲ ಹೊರಗೆ ಕ್ಯಾಸೆಟ್‌ಗಳು ಬರಲು ಶುರುವಾದವು. ಪ್ಲಾಸ್ಟಿಕ್ ಚೀಲದಲ್ಲಿ, ಕೆಲವು ಹಳೇ ಪೇಪರಿನಲ್ಲಿ ಸುತ್ತಿ. ಎಲ್ಲ ಅವರದೇ ಹಾಡುಗಳು. ಮನೆ ಮಠ ಬಿಟ್ಟು ಓಡುವಾಗ ಪಾತ್ರೆ ಬಿಟ್ಟರೂ ಇವನ್ನು ಬಿಡದೆ, ಕೆನ್ಯಾದ ಕ್ಯಾಂಪಿನಲ್ಲಿ ಬಟ್ಟೆಯೊಳಗೆ ಬಚ್ಚಿಟ್ಟು ಇಲ್ಲಿಯತನಕ ತಂದಿದ್ದ ಕ್ಯಾಸೆಟ್‌ಗಳು. ಯಾರೂ ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ. ಇಟ್ಟು ಹೋಗುತ್ತಾರೆ, ಅಷ್ಟೇ. ನಾನು ಹೋದಾಗ ಅವರು ಅವನ್ನೆಲ್ಲ ಸೋಫಾದ ಮೇಲೆ, ಜನ ಕೂರುತ್ತಿದ್ದ ಜಾಗದಲ್ಲಿ ಜೋಡಿಸಿದ್ದರು. ಕೆಲವುಗಳ ಟೇಪನ್ನು ತಂದಿಟ್ಟವರೇ ಹೊರಗೆಳೆದು ಕತ್ತರಿಸಿದ್ದಾರೆ.

ಕಳೆದ ವಾರದಿಂದ ಬೇರೆ ಭಯ. ಕೆಳಗೆ ಒಂದು ಬಿಳಿ ಕಾರು ನಿಂತಿರುತ್ತದೆ. ಅದರಲ್ಲಿರುವ ಹುಡುಗರ ಗುರುತು ಸಿಗುವುದಿಲ್ಲ ಎನ್ನುತ್ತಾರೆ ವರ್ಸಮೆ, ಆದರೆ ಕುರ್ಚಿಯನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡಿದ್ದಾರೆ. ಅವರು ಲಿಫ್ಟ್ ಹತ್ತಿದರೆ ಉಳಿದವರು ಇಳಿಯುತ್ತಾರೆ. ಅಪ್ಪ ಪೊಲೀಸರಿಗೆ ಹೇಳೋಣ ಎಂದರೆ ಬೇಡವೆಂದು ತಲೆ ಅಲ್ಲಾಡಿಸಿದರು. "ನಮ್ಮನೇಲೇ ಬಂದು ಇರಿ, ನಿವೇದಿತಾ ರೂಮ್ ಖಾಲಿ ಇದೆ" ಎಂದು ನಾನು ಗೋಗರೆದೆ. "ನಾನು ಹೋದರೆ ಉಳಿದ ಕ್ಯಾಸೆಟ್‌ಗಳನ್ನು ಯಾರ ಬಾಗಿಲಲ್ಲಿ ಇಡುತ್ತಾರೆ?" ಎಂದರು. ಹಾವಾ ಅವರದು ಇನ್ನೂ ಬಂದಿಲ್ಲವಂತೆ. ದಿನಾ ಬೆಳಿಗ್ಗೆ ವರ್ಸಮೆ ಬಾಗಿಲು ತೆಗೆಯುವ ಮೊದಲು ಸ್ವಲ್ಪ ಹೊತ್ತು ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಾರೆ. ಕಬನ್ ಮುಟ್ಟಿಲ್ಲ.

ಬದರಿನಾಥರು ಈಗ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ, ಪಾಪ. ಅವರನ್ನು ಬೈದು ಬೈದು ನನಗೇ ಸುಸ್ತಾಗಿದೆ. ಒಳ್ಳೆಯದು ಮಾಡಲು ಹೊರಟವರನ್ನು ಎಷ್ಟು ಅಂತ ಬೈಯಲಿ.

ನೀನು ಕ್ರಿಸ್‌ಮಸ್ ರಜಕ್ಕೆ ಬರುತ್ತೀಯಲ್ಲ, ಬಂದ ದಿನವೇ ಅವರಲ್ಲಿಗೆ ಹೋಗೋಣ. ಅಲ್ಲಿಯತನಕ ಏನೂ ಆಗದಿರಲಿ ಎಂದು ದಿನಾ ದೀಪ ಹಚ್ಚುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆ ಕೆಡಬೇಡ. ನಿನ್ನ ಕೈ ಸೋಕಿದವರಿಗೆಲ್ಲ ವಾಸಿಯಾಗಲಿ, ನೀನು ನೂರು ಕಾಲ ಸುಖವಾಗಿರು.

ನಿನ್ನ ಅಮ್ಮ,
ವಸಂತಾ

ತಾ.ಕ.: ಅಪ್ಪ ಈ ಮಾತು ಬರೆಯಬೇಡ ಎಂದರು. ವರ್ಸಮೆಯೂ ಮೊದಲು ಬೇಡವೆಂದರು. ಬೇರೆಯವರ ಬಾಯಿಂದ ನಿನಗೆ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು.

ಬದರಿನಾಥರಿಗೆ ಆ ಏಳು ಹೆಸರು ಕೊಟ್ಟವಳು ನೀನು. ಅವರು ಸಿಡ್ನಿಗೆ ಫೋನ್ ಮಾಡಿ, ಸನ್ಮಾನಪತ್ರಕ್ಕೆ ಅಂಕಲ್ ಮನೆತನದ ವಿವರ ಬೇಕು ಎಂದಾಗ, ನೀನು ಒಂದೇ ಉಸಿರಿನಲ್ಲಿ ಒಪ್ಪಿಸಿದೆಯಂತೆ. ನಿನಗೇನು ಗೊತ್ತಿತ್ತು ಮಗಳೇ, ಯಾರೂ ನಿನಗೆ ಹೇಳಿರಲಿಲ್ಲ. ಸೊಮಾಲಿಗಳಲ್ಲಿ ತಂದೆ ತನ್ನ ಮಗುವಿಗೆ ಬಾಯಿಪಾಠ ಮಾಡಿಸುವ ಸಾಲು ಅದು. ವರ್ಸಮೆಯವರ ಮಗಳು ಗಡಿ ದಾಟುವಾಗ ಜ್ವರ ಬಂದು ದಾರಿಯಲ್ಲೇ ತೀರಿಹೋದಳು. ಅದಕ್ಕೆ ನಿನಗೆ ಹೇಳಿಕೊಟ್ಟರು. ಜಗತ್ತಿನಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ.

ಅವರಿಗೆ ನಿನ್ನ ಮೇಲೆ ಒಂದಿಷ್ಟೂ ಕೋಪವಿಲ್ಲ. "ಭಾರ ಎಂದು ಹೇಳದೆ ಹೊರಿಸಿದ್ದು ನನ್ನ ತಪ್ಪು" ಎಂದರು. ಇನ್ನು ಆ ಹೆಸರುಗಳನ್ನೆಲ್ಲ ಮರೆತುಬಿಡು ಎಂದು ನಿನಗೆ ಬರೆಯುತ್ತೇನೆ ಎಂದೆ. ಸನ್ಮಾನದ ದಿನದಿಂದ ಈಚೆಗೆ ಅವರು ಅತ್ತದ್ದು ಆಗ ಮಾತ್ರ. "ಮರೆಯಬೇಡ ಎಂದು ಬರೆಯಿರಿ. ನನ್ನ ನಂತರ ಅವರನ್ನು ಹೆಸರು ಹಿಡಿದು ಕರೆಯಲು ಅವಳೊಬ್ಬಳೇ ಇರುವುದು" ಎಂದರು.

ಮರೆಯಬೇಡ ನಿವೇದಿತಾ. ಯಾರಿಗೂ ಹೇಳಬೇಡ.